ಗಾಡಿ ಆಫ್ ಇದ್ದರೂ ಸಾಕೆಟ್‌ನಲ್ಲಿ ಕರೆಂಟ್ ಇದೆ. ಬ್ಯಾಟರಿ ಇಳಿದಿದ್ದು ಇದರಿಂದಲೇನಾ?

ನಿಂತಗಾಡಿ:

ಒಂಬತ್ತು ದಿನ ಗಾಡಿ ತೆಗೆದಿರಲಿಲ್ಲ. ಇವತ್ತು ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಸದ್ದು ಅಷ್ಟೇ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಂದು ಸಲ ಮಿಣುಕಿ ಮಂಕಾದವು. ಪಕ್ಕದ ಮನೆಯವರ ಗಾಡಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿಕೊಂಡೆ. ಮೆಕ್ಯಾನಿಕ್‌ಗೆ ತೋರಿಸಿದರೆ ಅವರು ಬಾನೆಟ್ ಕೂಡ ಎತ್ತಲಿಲ್ಲ. ಗೇರ್ ಪಕ್ಕದ ಸಾಕೆಟ್‌ಗೆ ಸಿಕ್ಕಿಸಿಟ್ಟಿದ್ದ ಫೋನ್ ಚಾರ್ಜರ್ ನೋಡಿ, ಇದೇ ನಿಮ್ಮ ಬ್ಯಾಟರಿ ಕುಡಿದಿರೋದು, ಕಿತ್ತಿಡಿ ಅಂದರು.

ಚಾರ್ಜರ್‌ಗೆ ಫೋನ್ ಹಾಕಿರಲಿಲ್ಲ. ಖಾಲಿ ಚಾರ್ಜರ್ ಅದು. ಆದರೆ ಅದರಲ್ಲೊಂದು ನೀಲಿ ದೀಪ ಇದೆ, ಕೀ ತೆಗೆದು ಬಾಗಿಲು ಲಾಕ್ ಮಾಡಿದ ಮೇಲೂ ಉರಿಯುತ್ತಲೇ ಇರುತ್ತದೆ, ರಾತ್ರಿ ಕಿಟಕಿಯಿಂದ ನೋಡಿದರೆ ಕಾಣುತ್ತದೆ. ನನ್ನ ಹಿಂದಿನ ಗಾಡಿಯಲ್ಲಿ ಕೀ ತೆಗೆದರೆ ಸಾಕೆಟ್ ಸತ್ತೇ ಹೋಗುತ್ತಿತ್ತು. ಹಾಗಾಗಿ ಇದು ಇರೋದೇ ಹೀಗಾ ಅಥವಾ ಏನೋ ಕೆಟ್ಟಿದೆಯಾ ಅಂತಲೂ ಗೊತ್ತಾಗುತ್ತಿಲ್ಲ. ಬ್ಯಾಟರಿ 45 ಆಂಪ್ ಅವರ್‌ದು, ಹಾಕಿಸಿ ಮೂರೂವರೆ ವರ್ಷ ಆಯಿತು. ಅಕ್ಕಿಕಾಳಿನಷ್ಟು ದೀಪ ಇಡೀ ಬ್ಯಾಟರಿ ಖಾಲಿ ಮಾಡುತ್ತದಾ? ಗೊತ್ತಿದ್ದವರು ಹೇಳಿ.

ಹಳೇಡೀಸೆಲ್:

ಮಾಡದೇ ಏನು. ನನಗೆ ಇಪ್ಪತ್ತು ವರ್ಷದಿಂದ ಒಂದೇ ಅಭ್ಯಾಸ, ಇಳಿಯುವಾಗ ಸಾಕೆಟ್‌ನಲ್ಲಿ ಏನಿದ್ದರೂ ಕಿತ್ತು ಒಳಗಿಡುತ್ತೇನೆ. ವಾರಕ್ಕಿಂತ ಜಾಸ್ತಿ ನಿಲ್ಲಿಸೋದಾದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನೇ ಬಿಚ್ಚಿಡುತ್ತೇನೆ. ಒಂದು ದಿನ ಕೈಕೊಟ್ಟಿಲ್ಲ. ನಿದ್ದೆಯಲ್ಲೂ ಕರೆಂಟ್ ಕುಡಿಯೋ ಚಟ ಈ ಹೊಸ ಗಾಡಿಗಳಿಗೆ.

ಮೀಟರ್‌ಮಾಮ:

ಸಾಕೆಟ್ ಕೆಟ್ಟಿಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ. 12 ವೋಲ್ಟ್ ಸಾಕೆಟ್‌ಗೆ ಕರೆಂಟ್ ಎರಡು ದಾರಿಯಲ್ಲಿ ಬರಬಹುದು. ಒಂದು, ಫ್ಯೂಸ್ ದಾಟಿ ನೇರ ಬ್ಯಾಟರಿಯಿಂದ. ಆಗ ಕೀ ಇರಲಿ ಬಿಡಲಿ, ಅದು ಯಾವಾಗಲೂ ಜೀವಂತ. ಇನ್ನೊಂದು, ಕೀ ಸ್ವಿಚ್ ಕೈಕೆಳಗಿರುವ ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ ಮೂಲಕ. ಆಗ ಕೀ ತೆಗೆದರೆ ಸತ್ತಿತು. ಒಂದೇ ಗಾಡಿಯಲ್ಲಿ ಎರಡೂ ಇರಬಹುದು, ಮುಂದಿನದು ಕೀ ಜೊತೆ ಸಾಯುತ್ತದೆ, ಡಿಕ್ಕಿಯದು ಸದಾ ಎಚ್ಚರ. ಇನ್ನು ಕೆಲವು ಗಾಡಿಗಳು ಲಾಕ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಕರೆಂಟ್ ಬಿಟ್ಟು, ಆಮೇಲೆ ತಾವೇ ಕಡಿದುಹಾಕುತ್ತವೆ. ಕೆಲವು ಸಾಕೆಟ್‌ಗಳ ಮುಚ್ಚಳದ ಮೇಲೆ ಕೀ ಚಿತ್ರವೋ ಬ್ಯಾಟರಿ ಚಿತ್ರವೋ ಇರುತ್ತದೆ, ಅದು ಇದನ್ನೇ ಹೇಳೋದು. ಯಾರೂ ನೋಡಲ್ಲ ಬಿಡಿ.

ಈಗ ಲೆಕ್ಕ. ಸಾವಿರ ಮಿಲಿಆಂಪ್ ಸೇರಿದರೆ ಒಂದು ಆಂಪ್, ಒಂದು ಆಂಪ್‌ನಂತೆ ಒಂದು ಗಂಟೆ ಎಳೆದರೆ ಒಂದು ಆಂಪ್ ಅವರ್. ಫೋನ್ ಇಲ್ಲದ ಖಾಲಿ ಚಾರ್ಜರ್ ಸಾಮಾನ್ಯವಾಗಿ 10ರಿಂದ 30 ಮಿಲಿಆಂಪ್ ಎಳೆಯುತ್ತದೆ. 20 ಅಂತ ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ಅಂದರೆ 480 ಮಿಲಿಆಂಪ್ ಅವರ್, ಅರ್ಧ ಆಂಪ್ ಅವರ್ ಕೂಡ ಆಗಲಿಲ್ಲ. ಒಂಬತ್ತು ದಿನಕ್ಕೆ 4.3. ನಿಮ್ಮ ಬ್ಯಾಟರಿಯ 45ರಲ್ಲಿ ಇದು ಹತ್ತನೇ ಒಂದು ಪಾಲೂ ಅಲ್ಲ.

ಗಾಡಿಗೆ ಅದರದ್ದೇ ಖರ್ಚು ಬೇರೆ ಇದೆ. ಗಡಿಯಾರ, ಅಲಾರಂ, ರಿಮೋಟ್ ಕೀ ಒತ್ತುತ್ತೀರಾ ಅಂತ ಕಾಯುತ್ತಾ ಕೂತಿರುವ ರಿಸೀವರ್, ಕಂಪ್ಯೂಟರ್‌ಗಳ ಮೆಮರಿ. ಇದೆಲ್ಲ ಸೇರಿ 20ರಿಂದ 50 ಮಿಲಿಆಂಪ್ ಇದ್ದರೆ ತಕರಾರಿಲ್ಲ. ಜಾಸ್ತಿಯ 50ನ್ನೇ ಹಿಡಿದು ಚಾರ್ಜರ್‌ನ 20 ಸೇರಿಸಿ, 70. ಒಂಬತ್ತು ದಿನಕ್ಕೆ 15 ಆಂಪ್ ಅವರ್. ಮೂರನೇ ಒಂದು ಭಾಗ ಹೋಯಿತು. ಚೆನ್ನಾಗಿರುವ ಬ್ಯಾಟರಿ ಇಷ್ಟು ಹೋದರೂ ಗಾಡಿ ಸ್ಟಾರ್ಟ್ ಮಾಡುತ್ತದೆ. ನಿಮ್ಮದು ಮಾಡಲಿಲ್ಲ ಅಂದರೆ, ಒಂದೋ ಅದರಲ್ಲಿ ಈಗ 45 ಉಳಿದಿಲ್ಲ, ಇಲ್ಲಾ ಇನ್ನೇನೋ ಕದ್ದು ಕುಡಿಯುತ್ತಿದೆ. ಮೆಕ್ಯಾನಿಕ್ ಕಣ್ಣಿಗೆ ದೀಪ ಕಂಡಿತು, ದೀಪದ ತಲೆಗೆ ಕಟ್ಟಿದರು.

ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ, ಬಾಗಿಲು ತೆಗೆಯೋ ಮೊದಲೇ ಬ್ಯಾಟರಿಯ ವೋಲ್ಟ್ ನೋಡೋದಕ್ಕಾದರೆ ಇನ್ನೂ ಒಳ್ಳೆಯದು. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.6 ಅಥವಾ 12.7 ಬಂದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅರ್ಧ, 12.0 ಕಾಲು. 11.8ಕ್ಕೆ ಬಂದರೆ ಮುಗಿಯಿತು. ನೋಡಿ, ತುಂಬಿದ್ದಕ್ಕೂ ಖಾಲಿಗೂ ಒಂದು ವೋಲ್ಟ್ ಕೂಡ ವ್ಯತ್ಯಾಸ ಇಲ್ಲ. "12 ವೋಲ್ಟ್ ತೋರಿಸುತ್ತಿದೆ, ಬ್ಯಾಟರಿ ಚೆನ್ನಾಗಿದೆ" ಅನ್ನೋರ ಮಾತು ಕೇಳಬೇಡಿ.

ಹಿಂದಿನಸೀಟು:

ಬಾನೆಟ್ ತೆಗೆಯೋದಕ್ಕೆ ಹೆದರಿಕೆ ಇರುವವರಿಗೆ ಒಂದು ಸುಲಭ ದಾರಿ. ಸಾಕೆಟ್‌ಗೇ ಸಿಕ್ಕಿಸುವ ಚಿಕ್ಕ ವೋಲ್ಟ್ ಮೀಟರ್ ಸಿಗುತ್ತದೆ, ಕೆಲವು ಚಾರ್ಜರ್‌ಗಳಲ್ಲೇ ಇರುತ್ತದೆ. ಸಾಕೆಟ್ ಸದಾ ಜೀವಂತ ಇದ್ದರೆ ಕೀ ಹಾಕದೆಯೇ ಓದಬಹುದು. ಚೂರು ಕಡಿಮೆ ತೋರಿಸುತ್ತದೆ, ಆದರೆ ಅಂದಾಜಿಗೆ ಸಾಕು. ನೋಡಿದ ಮೇಲೆ ಅದನ್ನೂ ಕಿತ್ತಿಡಿ, ಅದಕ್ಕೂ ಎಲ್‌ಇಡಿ ಇದೆ!

ಅಂದ ಹಾಗೆ, ಈ ನಾಲ್ಕೈದು ತಿಂಗಳಲ್ಲಿ ಗಾಡಿ ಸ್ಟಾರ್ಟ್ ಆಗುವಾಗ ಏನಾದರೂ ಬದಲಾವಣೆ ಗಮನಿಸಿದ್ದೀರಾ?

ನಿಂತಗಾಡಿ:

ಮಾಮ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಮೀಟರ್ ತಂದೆ. ನಿನ್ನೆ ಜಂಪ್ ಕೊಟ್ಟ ಮೇಲೆ 40 ನಿಮಿಷ ಓಡಿಸಿದ್ದೆ. ಚಾರ್ಜರ್ ಕಿತ್ತಿಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ 12.08. ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ ಅಲ್ವಾ? 40 ನಿಮಿಷ ಓಡಿಸಿದರೂ ತುಂಬಲಿಲ್ಲ ಅಂದರೆ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆಯಾ?

ಹಿಂದಿನಸೀಟು ಅವರೇ, ಹೌದು, ದಿನಾ ಓಡಿಸಿದರೆ ಏನೂ ಗೊತ್ತಾಗಲ್ಲ. ನಾಲ್ಕು ದಿನ ನಿಲ್ಲಿಸಿದರೆ ಎಳೆದೆಳೆದು ಸ್ಟಾರ್ಟ್ ಆಗುತ್ತಿತ್ತು. ಚಳಿಗೆ ಇರಬೇಕು ಅಂದುಕೊಂಡಿದ್ದೆ.

ಮೀಟರ್‌ಮಾಮ:

ಆಲ್ಟರ್ನೇಟರ್ ಮೇಲೆ ಈಗಲೇ ಅನುಮಾನ ಬೇಡ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ 13.8ರಿಂದ 14.4ರ ಆಸುಪಾಸು ಬಂದರೆ ಅದು ಸರಿಯಾಗಿದೆ.

ಎಲ್ಲರೂ ಎಡವುವ ಜಾಗ ಇದು. ಸ್ಟಾರ್ಟ್ ಮಾಡೋದಕ್ಕೆ ಬ್ಯಾಟರಿ ತುಂಬಾ ಖರ್ಚಾಗುತ್ತದೆ ಅಂತ ತಿಳಿದುಕೊಂಡಿರುತ್ತೀವಿ. ಸ್ಟಾರ್ಟರ್ ಎಳೆಯೋದು 150 ಆಂಪ್ ಇರಬಹುದು, ಡೀಸೆಲ್ ಆದರೆ ಇನ್ನೂ ಜಾಸ್ತಿ, ಆದರೆ ಎರಡೇ ಸೆಕೆಂಡ್. ಲೆಕ್ಕ ಹಾಕಿ, 0.08 ಆಂಪ್ ಅವರ್. ನಿಮ್ಮ ಖಾಲಿ ಚಾರ್ಜರ್ ನಾಲ್ಕು ಗಂಟೆಯಲ್ಲಿ ಕುಡಿಯುವಷ್ಟು! ಅದನ್ನು ತುಂಬಿಕೊಳ್ಳೋದಕ್ಕೆ ಕೆಲವು ನಿಮಿಷ ಸಾಕು. ಆದರೆ ಪೂರ್ತಿ ಇಳಿದ ಬ್ಯಾಟರಿಗೆ 30, 40 ಆಂಪ್ ಅವರ್ ವಾಪಸ್ ಹೋಗಬೇಕು. ಶುರುವಿನಲ್ಲಿ ಗಬಗಬ ಕುಡಿಯುತ್ತದೆ, ತುಂಬುತ್ತಾ ಬಂದ ಹಾಗೆ ನಿಧಾನ ಮಾಡುತ್ತದೆ, ಕೊನೆಯ ಕಾಲು ಭಾಗಕ್ಕೆ ಗಂಟೆಗಟ್ಟಲೆ ಬೇಕು. ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟು ಚಾರ್ಜ್ ಮಾಡ್ತೀನಿ ಅನ್ನೋದು ಪೆಟ್ರೋಲ್ ದಂಡ, ಆ ವೇಗದಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಡಲ್ಲ.

ಗೋಡೆಗೆ ಹಾಕುವ ಬ್ಯಾಟರಿ ಚಾರ್ಜರ್ ತಂದು ರಾತ್ರಿಯೆಲ್ಲ ಬಿಡಿ. ಬೇಗ ಮಾಡಿ, ಇಳಿದ ಸ್ಥಿತಿಯಲ್ಲಿ ಬಿಟ್ಟಷ್ಟೂ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಜಾಗ ವಾಪಸ್ ಬರಲ್ಲ.

ತಂತಿಗಂಟು:

ಚಾರ್ಜರ್ ಕ್ಲಿಪ್ ಹಾಕುವಾಗ ಒಂದು ವಿಷಯ. ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಕಪ್ಪು ಡಬ್ಬಿ, ಅದಕ್ಕೊಂದು ಸಣ್ಣ ವೈರ್ ಇದ್ದರೆ ಅದು ಬ್ಯಾಟರಿ ಸೆನ್ಸರ್. ಅಂಥ ಗಾಡಿಯಲ್ಲಿ ಚಾರ್ಜರ್‌ನ ನೆಗೆಟಿವ್ ಕ್ಲಿಪ್ಪನ್ನು ಟರ್ಮಿನಲ್‌ಗೆ ಹಾಕಬೇಡಿ, ಬಾಡಿಯ ಲೋಹಕ್ಕೆ ಹಾಕಿ. ಇಲ್ಲದಿದ್ದರೆ ಎಷ್ಟು ಚಾರ್ಜ್ ಒಳಗೆ ಹೋಯಿತು ಅಂತ ಗಾಡಿಗೆ ಲೆಕ್ಕ ಸಿಗಲ್ಲ.

ಜಂಪ್ ಕೊಡುವಾಗಲೂ ಕೊನೆಯ ನೆಗೆಟಿವ್ ಕ್ಲಿಪ್ ಇಳಿದ ಬ್ಯಾಟರಿಗೆ ಹಾಕಬಾರದು, ದೂರದ ಲೋಹಕ್ಕೆ. ಕೊನೆಯ ಕ್ಲಿಪ್‌ನಲ್ಲೇ ಕಿಡಿ ಹಾರೋದು, ಬ್ಯಾಟರಿ ಬಾಯಲ್ಲಿ ಹೈಡ್ರೋಜನ್ ಇರುತ್ತದೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ರಾತ್ರಿಪಯಣ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಸಾಕೆಟ್ ಬಗ್ಗೆ ಇಷ್ಟು ಸಲೀಸಾಗಿ ಮಾತಾಡಬೇಡಿ, ಖಾಲಿ ಚಾರ್ಜರ್ ಬೇರೆ, ಬೇರೆ ಸಾಮಾನು ಬೇರೆ. ನಾನು ಗಾಡಿಯಲ್ಲೇ ಮಲಗಿ ದೂರ ಹೋಗೋನು. ಡಿಕ್ಕಿಯ ಸಾಕೆಟ್‌ಗೆ ಕಂಪ್ರೆಸರ್ ಇರುವ ಚಿಕ್ಕ ಫ್ರಿಜ್ ಹಾಕಿದ್ದೆ. ಮೋಟರ್ ಓಡುವಾಗ ನಾಲ್ಕು ಆಂಪ್, ಮಧ್ಯೆ ಮಧ್ಯೆ ನಿಲ್ಲುತ್ತದೆ, ಸರಾಸರಿ ಒಂದೂವರೆ ಅಂತ ಹಿಡಿಯಿರಿ. ಸಂಜೆ ನಿಲ್ಲಿಸಿ ಬೆಳಿಗ್ಗೆ ಏಳುವ ಹೊತ್ತಿಗೆ, ಹನ್ನೆರಡು ಗಂಟೆಗೆ 18 ಆಂಪ್ ಅವರ್ ಹೋಯಿತು. ಮೊದಲನೇ ರಾತ್ರಿ ಸ್ಟಾರ್ಟ್ ಆಯಿತು. ಎರಡನೇ ದಿನ ಎಲ್ಲೂ ಓಡಿಸದೆ ಅಲ್ಲೇ ಕೂತೆ, ಮಾರನೇ ಬೆಳಿಗ್ಗೆ ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ. ಸುತ್ತ ಒಂದು ನರಪಿಳ್ಳೆ ಇರಲಿಲ್ಲ.

ಕಂಪ್ರೆಸರ್ ಇಲ್ಲದ ಅಗ್ಗದ ಕೂಲರ್ ಡಬ್ಬಿಗಳು ಇನ್ನೂ ಕೆಟ್ಟವು. ಅವು ನಿಲ್ಲುವುದೇ ಇಲ್ಲ, ನಾಲ್ಕೈದು ಆಂಪ್ ಒಂದೇ ಸಮ ಎಳೆಯುತ್ತವೆ.

ಹೊಸಚಾಲಕಿ:

ಒಂದು ಪೆದ್ದು ಪ್ರಶ್ನೆ. ಗಾಡಿ ಆಫ್ ಮಾಡಿ ಕಾಯುವಾಗ ಫೋನ್ ಚಾರ್ಜ್‌ಗೆ ಹಾಕಿದರೆ ಬ್ಯಾಟರಿ ಇಳಿಯುತ್ತದಾ? ನಮ್ಮ ಮನೆಯಲ್ಲಿ ಅದಕ್ಕೂ ಬೈಯುತ್ತಾರೆ.

ಮೀಟರ್‌ಮಾಮ:

ಪೆದ್ದು ಪ್ರಶ್ನೆ ಏನಲ್ಲಮ್ಮ. ಈಗಿನ ಫೋನ್ ಬ್ಯಾಟರಿ 5,000 ಮಿಲಿಆಂಪ್ ಅವರ್ ಅಂತ ಬರೆದಿರುತ್ತಾರಲ್ಲ, ಅದು 3.7 ವೋಲ್ಟ್‌ನ ಲೆಕ್ಕ. 12 ವೋಲ್ಟ್‌ಗೆ ಬದಲಾಯಿಸಿ, ದಾರಿಯಲ್ಲಿ ಬಿಸಿಯಾಗಿ ಹೋಗೋದನ್ನೂ ಸೇರಿಸಿದರೆ, ಸೊನ್ನೆಯಿಂದ ನೂರಕ್ಕೆ ತುಂಬಿದರೂ ಕಾರಿನ ಬ್ಯಾಟರಿಯಿಂದ ಹೋಗೋದು ಎರಡು ಆಂಪ್ ಅವರ್ ಹತ್ತಿರ. ಬ್ಯಾಟರಿ ಚೆನ್ನಾಗಿದ್ದರೆ ಧೈರ್ಯವಾಗಿ ಹಾಕಿ.

ಆದರೆ ಅದಕ್ಕೋಸ್ಕರ ಕೀ ಆನ್‌ಗೆ ತಿರುಗಿಸಿ ಕೂರಬೇಡಿ. ಸಾಕೆಟ್ ಕೀ ಮೇಲೆ ನಿಂತಿದ್ದರೆ, ಆನ್‌ಗಿಂತ ಒಂದು ಮೆಟ್ಟಿಲು ಹಿಂದಿನ ಎಸಿಸಿ ಜಾಗದಲ್ಲಿಟ್ಟರೆ ಸಾಕು, ಬಟನ್ ಸ್ಟಾರ್ಟ್ ಆದರೆ ಸಾಮಾನ್ಯವಾಗಿ ಬ್ರೇಕ್ ತುಳಿಯದೆ ಒಂದು ಸಲ ಒತ್ತೋದು. ಆನ್‌ಗೆ ತಂದರೆ ಇಂಜಿನ್ ಕಂಪ್ಯೂಟರ್, ಮೀಟರ್ ಬೋರ್ಡು, ಬ್ಲೋವರ್ ಎಲ್ಲ ಎದ್ದು ಕೂರುತ್ತವೆ, ಫೋನ್‌ಗಿಂತ ಅವೇ ಜಾಸ್ತಿ ತಿನ್ನುತ್ತವೆ. ಮನೆಯವರು ಬೈದಿದ್ದು ಅದಕ್ಕಿರಬಹುದು.

ಸದ್ದಿಲ್ಲದಗಾಡಿ:

ನನ್ನದು ಎಲೆಕ್ಟ್ರಿಕ್. ಕೆಳಗೆ ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಇಂಥ ತಲೆನೋವೆಲ್ಲ ನಮಗಿಲ್ಲ ಅಲ್ವಾ? ಸಾಕೆಟ್‌ನಲ್ಲಿ ಏನು ಬೇಕಾದರೂ ಬಿಟ್ಟು ಹೋಗುತ್ತೇನೆ.

ತಂತಿಗಂಟು:

ಅಲ್ಲೇ ಇರೋದು ತಮಾಷೆ. ನಿಮ್ಮ ಗಾಡಿಯಲ್ಲೂ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇದೆ. ಸಾಕೆಟ್, ಬಾಗಿಲ ಲಾಕ್, ಕಂಪ್ಯೂಟರ್ ಎಲ್ಲ ಅದರ ಮೇಲೆ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಕಾಂಟ್ಯಾಕ್ಟರ್ ಮುಚ್ಚೋದಕ್ಕೂ ಈ 12 ವೋಲ್ಟ್ ಬೇಕು. ಅದು ಸತ್ತರೆ ಕೆಳಗೆ ನೂರಕ್ಕೆ ನೂರು ಚಾರ್ಜ್ ಇದ್ದರೂ ಗಾಡಿ ಏಳಲ್ಲ. ಹೊಟ್ಟೆ ತುಂಬಾ ಚಾರ್ಜ್ ಇಟ್ಟುಕೊಂಡು ಟೋ ಗಾಡಿ ಮೇಲೆ ಹೋಗಿದ್ದನ್ನು ನಾನು ನೋಡಿದ್ದೇನೆ. ಎಷ್ಟೋ ಮಾಡೆಲ್‌ಗಳು ನಿಂತಲ್ಲೇ ದೊಡ್ಡದರಿಂದ ಚಿಕ್ಕದಕ್ಕೆ ಆಗಾಗ ಚಾರ್ಜ್ ಹಾಕಿಕೊಳ್ಳುತ್ತವೆ, ಹಾಗಾಗಿ ಬಚಾವ್. ನಿಮ್ಮದು ಹಾಗೆ ಮಾಡುತ್ತದಾ ಅಂತ ಮಾಲೀಕರ ಪುಸ್ತಕ ತೆಗೆದು ನೋಡಿ.

ನಿಂತಗಾಡಿ:

ರಾತ್ರಿಯೆಲ್ಲ ಚಾರ್ಜರ್ ಹಾಕಿದೆ. ತೆಗೆದು ಅರ್ಧ ದಿನ ಬಿಟ್ಟು ನೋಡಿದರೆ 12.64. ಇಂಜಿನ್ ಓಡುವಾಗ 14.2. ಆಲ್ಟರ್ನೇಟರ್ ಪಾಸ್. ಈಗ ಕಳ್ಳನನ್ನು ಹಿಡಿಯೋದು ಹೇಗೆ ಹೇಳಿ.

ಮೀಟರ್‌ಮಾಮ:

ನಿಧಾನವಾಗಿ ಮಾಡಿ, ಆತುರ ಪಟ್ಟರೆ ಮೀಟರ್ ಫ್ಯೂಸ್ ಹೋಗುತ್ತದೆ. ಬಾನೆಟ್ ತೆಗೆದಿಡಿ. ಕೀ ಒಳಗಿಲ್ಲದಿರಲಿ, ಬಟನ್ ಸ್ಟಾರ್ಟ್ ಗಾಡಿ ಆದರೆ ಕೀಯನ್ನು ಮನೆಯೊಳಗೆ ದೂರ ಇಟ್ಟು ಬನ್ನಿ, ಹತ್ತಿರ ಇದ್ದರೆ ಗಾಡಿ ನಿದ್ದೆ ಮಾಡದಿರಬಹುದು. ಡ್ರೈವರ್ ಬಾಗಿಲು ತೆಗೆದೇ ಇಡಬೇಕಾಗುತ್ತದೆ, ಫ್ಯೂಸ್ ಡಬ್ಬಿಗೆ ಕೈ ಹೋಗಬೇಕಲ್ಲ. ಬಾಗಿಲಿನ ಲಾಕ್ ಇರುತ್ತದಲ್ಲ, ಅದನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಮುಚ್ಚಿದ ಹಾಗೆ ಮಾಡಿ, ಬಾಗಿಲು ಹಾಕಿದೆ ಅಂತ ಗಾಡಿ ಮೋಸ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಬಿಡಿಸೋದು ಮರೆತು ಬಾಗಿಲು ಎಳೆದು ಹಾಕಬೇಡಿ.

ಆಮೇಲೆ ಮೀಟರ್‌ನ ಕೆಂಪು ತಂತಿ 10 ಆಂಪ್ ತೂತಿಗೆ. ಮಿಲಿಆಂಪ್ ತೂತಿಗೆ ಬೇಡವೇ ಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ತಂತಿಗೂ ಟರ್ಮಿನಲ್‌ಗೂ ಮಧ್ಯೆ ಮೀಟರ್ ಬರಬೇಕು, ಕರೆಂಟೆಲ್ಲ ಅದರೊಳಗೇ ಹಾದುಹೋಗಬೇಕು. ಜೋಡಿಸಿದ ತಕ್ಷಣ ಎರಡು, ಮೂರು, ನಾಲ್ಕು ಆಂಪ್ ತೋರಿಸಿದರೆ ಗಾಬರಿ ಬೇಡ, ಕಂಪ್ಯೂಟರ್‌ಗಳೆಲ್ಲ ಎದ್ದಿವೆ. ಬಿಟ್ಟು ಎದ್ದು ಹೋಗಿ. ಅರ್ಧ ಗಂಟೆ, ಕೆಲವು ಗಾಡಿಗೆ ಒಂದು ಗಂಟೆ ಬೇಕು. ಎಲ್ಲ ಮಲಗಿದ ಮೇಲೆ ಬರೋ ಸಂಖ್ಯೆಯೇ ನಿಜ. ಮೀಟರ್ ಹಾಕಿರುವಾಗ ಸ್ಟಾರ್ಟ್ ಮಾಡೋದಿರಲಿ, ಕೀ ಆನ್ ಕೂಡ ಮಾಡಬೇಡಿ.

ಡಿಸಿ ಕರೆಂಟ್ ಓದುವ ಕ್ಲ್ಯಾಂಪ್ ಮೀಟರ್ ಇದ್ದರೆ ಇಷ್ಟೆಲ್ಲ ಸರ್ಕಸ್ ಇಲ್ಲ, ತಂತಿಗೆ ತಬ್ಬಿಸಿದರಾಯಿತು. ಸಣ್ಣ ಕರೆಂಟ್ ಸರಿಯಾಗಿ ಓದುವಂಥದ್ದು ಇರಬೇಕು ಅಷ್ಟೇ.

ಹಳೇಡೀಸೆಲ್:

ಇಷ್ಟೆಲ್ಲ ಯಾಕೆ? ನೆಗೆಟಿವ್ ಬಿಚ್ಚಿಡಿ, ಮುಗಿಯಿತು. ಕಳ್ಳ ಯಾರಾದರೆ ನಿಮಗೇನು.

ತಂತಿಗಂಟು:

ಅಣ್ಣ, ನಿಮ್ಮ ಗಾಡಿಗೆ ಅದು ಸರಿ. ಈಗಿನದರಲ್ಲಿ ಬಿಚ್ಚಿ ಹಾಕಿದರೆ ಗಡಿಯಾರ ಹೋಗುತ್ತದೆ, ಕಿಟಕಿಯ ಆಟೋ ಮರೆಯುತ್ತದೆ, ಕೆಲವು ರೇಡಿಯೋ ಕೋಡ್ ಕೇಳುತ್ತವೆ, ಅಲಾರಂ ಅಂತೂ ಇಲ್ಲವೇ ಇಲ್ಲ. ಡಿಕ್ಕಿ ಬೀಗ ಕರೆಂಟ್ ಮೇಲಿದ್ದು ಬ್ಯಾಟರಿ ಡಿಕ್ಕಿಯಲ್ಲೇ ಇದ್ದರೆ, ಬಿಚ್ಚಿ ಮುಚ್ಚಿದ ಮೇಲೆ ತಲೆ ಚಚ್ಚಿಕೊಳ್ಳಬೇಕು. ತಿಂಗಳುಗಟ್ಟಲೆ ನಿಲ್ಲಿಸೋರು ಬಿಚ್ಚಲಿ, ಆಗಲೂ ನೆಗೆಟಿವ್ ಮೊದಲು ಬಿಚ್ಚಿ ಕೊನೆಗೆ ಹಾಕಬೇಕು. ಪಾಸಿಟಿವ್‌ಗೆ ಮೊದಲು ಕೈ ಹಾಕಿದರೆ ಸ್ಪ್ಯಾನರ್ ಬಾಡಿಗೆ ತಾಗಿದಾಗ ಕಿಡಿ ಅಲ್ಲ, ಬೆಂಕಿಯೇ.

ನಿಂತಗಾಡಿ:

ಮಾಡಿದೆ! ಅರ್ಧ ಭಾನುವಾರ ಹೋಯಿತು.

ಮೀಟರ್ ಜೋಡಿಸಿದ ಕೂಡಲೇ 3.4 ಆಂಪ್. ಎದೆ ಧಸಕ್ ಅಂದಿತು. ಹೇಳಿದ ಹಾಗೆ ಎದ್ದು ಹೋದೆ, 45 ನಿಮಿಷ ಬಿಟ್ಟು ಬಂದರೆ 0.18ಕ್ಕೆ ಬಂದು ನಿಂತಿತ್ತು. ಅಂದರೆ 180 ಮಿಲಿಆಂಪ್. ಪರೀಕ್ಷೆಗೆ ಅಂತ ಚಾರ್ಜರನ್ನು ಮೊದಲಿನ ಹಾಗೆಯೇ ಸಾಕೆಟ್‌ಗೆ ಹಾಕಿಯೇ ಇಟ್ಟಿದ್ದೆ. ಸಾಕೆಟ್‌ನ ಫ್ಯೂಸ್ ಕಿತ್ತೆ, 0.16 ಆಯಿತು. ಅಷ್ಟೇ. ಮಾಮ ಅಂದಾಜಿಗೆ ಹೇಳಿದ 20 ಮಿಲಿಆಂಪ್ ಸರಿಯಾಗಿ ಬಂತು.

ಉಳಿದ 160 ಯಾರದ್ದು? ಒಳಗಿನ ದೀಪ, ಡಿಕ್ಕಿ ದೀಪ, ಮುಂದಿನ ಡ್ರಾಯರ್ ದೀಪ ಎಲ್ಲ ಆಫ್ ಇವೆ. ಡಿಕ್ಕಿ ದೀಪ ಆರುತ್ತದಾ ನೋಡೋದಕ್ಕೆ ಒಳಗೆ ಫೋನ್ ವಿಡಿಯೋ ಆನ್ ಮಾಡಿಟ್ಟು ಡಿಕ್ಕಿ ಮುಚ್ಚಿದ್ದೆ, ನಗಬೇಡಿ.

ಹಿಂದಿನಸೀಟು:

ಆ ಐಡಿಯಾ ಚೆನ್ನಾಗಿದೆ, ಕದಿಯುತ್ತೇನೆ.

ಸಾಕೆಟ್ ಬಿಟ್ಟು ಬೇರೆ ಎಲ್ಲಾದರೂ ಏನಾದರೂ ಸಿಕ್ಕಿಸಿದ್ದೀರಾ? ಆಮೇಲೆ ಹಾಕಿಸಿದ ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್? ಸ್ಟೀರಿಂಗ್ ಕೆಳಗೆ ಒಬಿಡಿ ಪೋರ್ಟ್ ಇರುತ್ತದೆ, ಸ್ಕ್ಯಾನರ್ ಚುಚ್ಚೋದು, ಅಲ್ಲಿ?

ನಿಂತಗಾಡಿ:

ಅಯ್ಯೋ.

ಚೆಕ್ ಇಂಜಿನ್ ದೀಪ ಬಂದಿತ್ತು ಅಂತ ಐದು ತಿಂಗಳ ಹಿಂದೆ ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತಂದು ಹಾಕಿದ್ದೆ. ಕೋಡ್ ಓದಿದೆ, ಅಳಿಸಿದೆ, ಆಮೇಲೆ ಅದು ಅಲ್ಲಿದೆ ಅನ್ನೋದೇ ಮರೆತುಹೋಗಿತ್ತು. ಕಾಲಿನ ಹತ್ತಿರ, ಕತ್ತಲಲ್ಲಿ, ಅದಕ್ಕೂ ಒಂದು ಕೆಂಪು ದೀಪ! ಈಗ ಹೋಗಿ ಕಿತ್ತೆ, ಮತ್ತೆ ಮಲಗೋದಕ್ಕೆ ಮುಕ್ಕಾಲು ಗಂಟೆ ಬಿಟ್ಟೆ. 0.04.

ಮೀಟರ್‌ಮಾಮ:

ಸಿಕ್ಕಿತು. ಒಬಿಡಿ ಪೋರ್ಟ್‌ನ 16ನೇ ಪಿನ್ ಬ್ಯಾಟರಿ ಪಾಸಿಟಿವ್, ಅದಕ್ಕೆ ಯಾವಾಗಲೂ ಕರೆಂಟ್ ಇರುತ್ತದೆ. ಅಂದರೆ ನಿಮ್ಮ ಗಾಡಿಯಲ್ಲಿ ಎರಡನೇ "ಸದಾ ಜೀವಂತ ಸಾಕೆಟ್" ಅದು, ಮುಚ್ಚಳ ಇಲ್ಲದ್ದು. ಡಾಂಗಲ್ ತಾನು ಕುಡಿಯೋದು ಬಹಳ ಇಲ್ಲ, ಆದರೆ ಕೆಲವು ಅಗ್ಗದವು ಗಾಡಿಯ ಕಂಪ್ಯೂಟರ್‌ಗಳನ್ನು ಸುಮ್ಮನೆ ಮಲಗಲು ಬಿಡಲ್ಲ, ಪ್ರಶ್ನೆ ಕೇಳುತ್ತಾ ಇರುತ್ತವೆ. ಮಲಗಿದ ಮಗುವನ್ನು ಐದು ನಿಮಿಷಕ್ಕೊಮ್ಮೆ ಎಬ್ಬಿಸಿದ ಹಾಗೆ. ಎರಡೂ ಸೇರಿ ನಿಮಗೆ 120.

ಈಗ ಒಂಬತ್ತು ದಿನದ ಲೆಕ್ಕ ಮತ್ತೆ ಮಾಡಿ. 180 ಮಿಲಿಆಂಪ್‌ಗೆ ಸುಮಾರು 39 ಆಂಪ್ ಅವರ್. 45ರ ಬ್ಯಾಟರಿ, ಮೂರೂವರೆ ವರ್ಷ ಹಳೆಯದು. ಟಕ್ ಟಕ್ ಅನ್ನದೆ ಇನ್ನೇನು ಮಾಡುತ್ತದೆ ಪಾಪ. ಅದರಲ್ಲಿ ನಿಮ್ಮ ನೀಲಿ ದೀಪದ ಪಾಲು ನಾಲ್ಕು ಚಿಲ್ಲರೆ. ನಾಲ್ಕು ದಿನಕ್ಕೆ ಎಳೆದೆಳೆದು ಸ್ಟಾರ್ಟ್ ಆಗುತ್ತಿದ್ದದ್ದೂ ಚಳಿಗಲ್ಲ. ಆಗ 17 ಹೋಗಿರುತ್ತಿತ್ತು.

ಹೊಸಚಾಲಕಿ:

ಇದನ್ನು ಓದಿ ನಮ್ಮ ಗಾಡಿಯ ಡ್ಯಾಶ್‌ಕ್ಯಾಮ್ ಮೇಲೆ ಅನುಮಾನ ಬಂತು. ಪಾರ್ಕಿಂಗ್ ಮೋಡ್ ಅಂತ ಇದೆ, ರಾತ್ರಿ ಪೂರ್ತಿ ಆನ್ ಇರುತ್ತದೆ. ಹಾಕಿಕೊಟ್ಟವರು ಏನೂ ಆಗಲ್ಲ ಅಂದಿದ್ದರು.

ರಾತ್ರಿಪಯಣ:

ಪಾರ್ಕಿಂಗ್ ಮೋಡ್‌ನಲ್ಲಿ 250, 300 ಮಿಲಿಆಂಪ್ ಮಾಮೂಲಿ. 300 ಅಂದರೆ ದಿನಕ್ಕೆ 7.2 ಆಂಪ್ ಅವರ್. 45ರ ಬ್ಯಾಟರಿ ಮೂರು ದಿನಕ್ಕೆ ಅರ್ಧ. ದಿನಾ ದೂರ ಓಡಿಸುವವರಿಗೆ ತೊಂದರೆ ಇಲ್ಲ, ದಿನಾ ಹತ್ತು ನಿಮಿಷ ಮಾತ್ರ ಓಡಿಸುವವರಿಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಒಂದು ದಿನ ಗೊತ್ತಾಗುತ್ತದೆ. ಕಡಿಮೆ ವೋಲ್ಟ್‌ಗೆ ತಾನೇ ಆಫ್ ಆಗುವ ಕಿಟ್ ಮೂಲಕ ವೈರಿಂಗ್ ಮಾಡಿದ್ದಾರಾ ಕೇಳಿ. ಅದರಲ್ಲಿ 11.8, 12.0, 12.2, 12.4 ಅಂತ ಆಯ್ಕೆ ಇದ್ದರೆ 11.8ಕ್ಕೆ ಇಡಬೇಡಿ, ಅಷ್ಟು ಹೊತ್ತಿಗೆ ಬ್ಯಾಟರಿಯಲ್ಲಿ ಏನೂ ಉಳಿದಿರಲ್ಲ. ನಾನು 12.2ಕ್ಕೆ ಇಟ್ಟಿದ್ದೇನೆ. ಫ್ರಿಜ್‌ಗೂ ಅದೇ ಪಾಠ. ಈಗ ಅದಕ್ಕೆ ಬೇರೆಯೇ ಡೀಪ್ ಸೈಕಲ್ ಬ್ಯಾಟರಿ, ಅಂದರೆ ತುಂಬಾ ಇಳಿಸಿದರೂ ತಡೆದುಕೊಳ್ಳುವಂಥದ್ದು, ಹಾಕಿಕೊಂಡಿದ್ದೇನೆ. ಕಾರಿನ ಬ್ಯಾಟರಿ ಕುಸ್ತಿಯವನ ಥರ, ಒಂದೇ ಪಟ್ಟು ಹಾಕಿ ಕೂರುತ್ತಾನೆ. ದಿನವಿಡೀ ಹೊರೆ ಹೊರಿಸಿದರೆ ಸಾಯುತ್ತಾನೆ.

ನಿಂತಗಾಡಿ:

ಇನ್ನು ಎರಡು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಈ ಸಾಕೆಟ್ಟನ್ನು ಕೀ ಜೊತೆ ಆಫ್ ಆಗುವ ಹಾಗೆ ಮಾಡಿಸಬಹುದಾ? ಮತ್ತೆ, ಗಾಜಿನ ಹತ್ತಿರ ಇಡುವ ಚಿಕ್ಕ ಸೋಲಾರ್ ಪ್ಯಾನೆಲ್ ಸಾಕೆಟ್‌ಗೆ ಹಾಕಿದರೆ ಬ್ಯಾಟರಿ ತುಂಬಿಯೇ ಇರುತ್ತದೆ ಅಂತಾರೆ, ನಿಜನಾ?

ತಂತಿಗಂಟು:

ಮಾಡಬಹುದು. ಮೊದಲು ಮಾಲೀಕರ ಪುಸ್ತಕ ನೋಡಿ, ಕೆಲವು ಗಾಡಿಗಳ ಫ್ಯೂಸ್ ಡಬ್ಬಿಯಲ್ಲಿ ಸಾಕೆಟ್ ಫ್ಯೂಸ್‌ಗೆ ಎರಡು ಜಾಗ ಕೊಟ್ಟಿರುತ್ತಾರೆ, ಒಂದು ಬ್ಯಾಟರಿಗೆ, ಇನ್ನೊಂದು ಕೀಗೆ. ಫ್ಯೂಸ್ ಪಕ್ಕದ ಜಾಗಕ್ಕೆ ಹಾಕಿದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ರಿಲೇ ಹಾಕಬೇಕು. ಕೀ ಆನ್ ಆದಾಗ ಕರೆಂಟ್ ಬರುವ ಯಾವುದೋ ಸಣ್ಣ ವೈರ್‌ಗೆ ನೇರ ಸಾಕೆಟ್ ಕಟ್ಟಬೇಡಿ. ಸಾಕೆಟ್ 10, 15 ಆಂಪ್ ಹೊರುವ ಜಾಗ, ಟೈರ್‌ಗೆ ಗಾಳಿ ಹೊಡೆಯುವ ಪಂಪ್ ಒಂದೇ ಅಷ್ಟು ಎಳೆಯುತ್ತದೆ, ಆ ಸಣ್ಣ ವೈರ್ ಕರಗುತ್ತದೆ.

ಅದೇ ಮಾತಿಗೆ ಇದೂ ಸೇರಲಿ. ಸಾಕೆಟ್ ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ ನೀಲಿ ತೆಗೆದು ಹಳದಿ ಹಾಕುವವರಿದ್ದಾರೆ, ಅಂದರೆ 15ರ ಜಾಗಕ್ಕೆ 20. ಅವರನ್ನು ಏನು ಮಾಡಬೇಕೋ ಗೊತ್ತಿಲ್ಲ. ಮೊದಲು ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಧ್ಯದ ಬಟನ್ ಪಾಸಿಟಿವ್, ಸುತ್ತಲಿನ ಗೋಡೆ ನೆಗೆಟಿವ್. ಮುಚ್ಚಳ ಇಲ್ಲದ ಸಾಕೆಟ್ ಒಳಗೆ ಚಿಲ್ಲರೆ ನಾಣ್ಯ ಬಿದ್ದು ಎರಡನ್ನೂ ಜೋಡಿಸಿರುತ್ತದೆ. ಅದೂ ಸದಾ ಜೀವಂತ ಸಾಕೆಟ್ ಆದರೆ ಗಾಡಿ ಆಫ್ ಇದ್ದಾಗಲೂ ಶಾರ್ಟ್. ಒಬ್ಬರ ಸಾಕೆಟ್‌ನಲ್ಲಿ ನಾನು ಮಗುವಿನ ಕೂದಲ ಪಿನ್ ತೆಗೆದಿದ್ದೇನೆ. ನಾಣ್ಯ ಕಂಡರೆ ಬೆರಳು ಹಾಕಬೇಡಿ, ಫ್ಯೂಸ್ ಕಿತ್ತು ಆಮೇಲೆ ತೆಗೆಯಿರಿ.

ಮೀಟರ್‌ಮಾಮ:

ಸೋಲಾರ್ ವಿಷಯದಲ್ಲಿ ಕೆಲಸಕ್ಕೆ ಬರೋದು ನೀವು ಬೈದ ಈ ಸಾಕೆಟ್ಟೇ. ಪ್ಯಾನೆಲ್‌ನಿಂದ ಕರೆಂಟ್ ಸಾಕೆಟ್ ಮೂಲಕ ಬ್ಯಾಟರಿಗೆ ವಾಪಸ್ ಹೋಗಬೇಕಾದರೆ ಗಾಡಿ ಆಫ್ ಇದ್ದಾಗಲೂ ಆ ದಾರಿ ತೆರೆದಿರಬೇಕು. ಕೀ ಜೊತೆ ಸಾಯುವ ಸಾಕೆಟ್‌ಗೆ ಪ್ಯಾನೆಲ್ ಹಾಕಿದರೆ ಅದರ ದೀಪ ಮಿನುಗುತ್ತದೆ, ಬ್ಯಾಟರಿಗೆ ಒಂದು ಹನಿಯೂ ಹೋಗಲ್ಲ. ಎಷ್ಟೋ ಜನ ತಿಂಗಳುಗಟ್ಟಲೆ ಹಾಗೇ ಇಟ್ಟುಕೊಂಡು ಖುಷಿಯಾಗಿರುತ್ತಾರೆ.

ನಿಮ್ಮದಕ್ಕೆ ಹೋಗುತ್ತದೆ. ಆದರೆ ಗಾಜಿನ ಹಿಂದೆ, ಓರೆಯಾಗಿ ಇಟ್ಟ ಐದು ವಾಟ್ ಪ್ಯಾನೆಲ್ ಅದರ ಮೇಲೆ ಬರೆದಷ್ಟು ಕೊಡಲ್ಲ. ಅರ್ಧ ಬಂದರೂ, ಒಳ್ಳೆ ಬಿಸಿಲು ಐದು ಗಂಟೆ ಇದ್ದರೆ, ದಿನಕ್ಕೆ ಒಂದು ಆಂಪ್ ಅವರ್ ಹತ್ತಿರ. ನಿಮ್ಮ 40 ಮಿಲಿಆಂಪ್‌ಗೂ ದಿನಕ್ಕೆ ಅಷ್ಟೇ ಖರ್ಚು, ಸರಿಸಮ ಆಯಿತು. ಇಳಿದ ಬ್ಯಾಟರಿಯನ್ನು ತುಂಬಿಸುತ್ತದೆ ಅನ್ನೋ ಆಸೆ ಬೇಡ. ಗಾಡಿ ನಿಲ್ಲೋದು ನೆರಳಿನಲ್ಲಿ ಅಂದರೆ ಬಿಟ್ಟುಬಿಡಿ. ರಾತ್ರಿ ಹೊತ್ತು ಬ್ಯಾಟರಿ ಕರೆಂಟ್ ಪ್ಯಾನೆಲ್‌ಗೆ ಹರಿಯದ ಹಾಗೆ ಅದರಲ್ಲಿ ಡಯೋಡ್ ಇರಲೇಬೇಕು, ಕೊಳ್ಳುವಾಗ ಕೇಳಿ.

ನನ್ನನ್ನು ಕೇಳಿದರೆ ಸಾಕೆಟ್ಟನ್ನು ಹಾಗೇ ಬಿಡಿ. ಸದಾ ಜೀವಂತ ಸಾಕೆಟ್ ಇರೋದು ಒಂದು ಸೌಕರ್ಯ. ನಿಮ್ಮ ಗಾಡಿ ಮಾಡಿದ ತಪ್ಪು ಏನೂ ಇಲ್ಲ.

ನಿಂತಗಾಡಿ:

ಹದಿನೈದು ದಿನ ಆಯಿತು, ಕೊನೆಯ ವರದಿ ಕೊಡೋಣ ಅಂತ ಬಂದೆ. ಡಾಂಗಲ್ ಡ್ರಾಯರ್‌ಗೆ ಹೋಯಿತು. ಆಮೇಲೆ ಬೇಕಂತಲೇ ಒಂದು ಪರೀಕ್ಷೆ ಮಾಡಿದೆ. ಪೂರ್ತಿ ಚಾರ್ಜ್ ಮಾಡಿ, ಖಾಲಿ ಚಾರ್ಜರನ್ನು ಸಾಕೆಟ್‌ನಲ್ಲೇ ಬಿಟ್ಟು, ಅದೇ ಒಂಬತ್ತು ದಿನ ಗಾಡಿ ಮುಟ್ಟಲಿಲ್ಲ. 12.64 ಇದ್ದದ್ದು 12.39ಕ್ಕೆ ಬಂದಿತ್ತು. ಕೀ ತಿರುಗಿಸಿದೆ, ಒಂದೇ ಏಟಿಗೆ ಸ್ಟಾರ್ಟ್.

ಮೀಟರ್‌ಮಾಮ:

60 ಮಿಲಿಆಂಪ್, ಒಂಬತ್ತು ದಿನ, 13 ಆಂಪ್ ಅವರ್. 45ರಲ್ಲಿ ಇಷ್ಟು ಹೋದರೆ 12.4ರ ಹತ್ತಿರವೇ ಬರಬೇಕು, ಲೆಕ್ಕ ಸರಿಹೋಯಿತು. ಆದರೂ ಬ್ಯಾಟರಿ ಮೇಲೆ ಒಂದು ಕಣ್ಣಿಡಿ. ಪೂರ್ತಿ ಇಳಿಸಿದ್ದಿರಲ್ಲ ಒಮ್ಮೆ. ಸ್ಟಾರ್ಟ್ ಮಾಡುವಾಗ ಯಾರಾದರೂ ಮೀಟರ್ ಹಿಡಿದುಕೊಂಡು ನೋಡಲಿ, 9.6ಕ್ಕಿಂತ ಕೆಳಗೆ ಬೀಳದಿರುವ ತನಕ ಇದೇ ಬ್ಯಾಟರಿಯಲ್ಲಿ ಓಡಿಸಿ.

ಹಳೇಡೀಸೆಲ್:

ಎಲ್ಲ ಸರಿ. ಆ ಚಾರ್ಜರ್ ಈಗ ಎಲ್ಲಿದೆ?

ನಿಂತಗಾಡಿ:

ಸಾಕೆಟ್‌ನಲ್ಲೇ ಇದೆ ಅಣ್ಣ. ನೀಲಿ ದೀಪಕ್ಕೆ ಒಂದು ಚೂರು ಕಪ್ಪು ಟೇಪ್ ಅಂಟಿಸಿದ್ದೇನೆ, ಮೆಕ್ಯಾನಿಕ್ ಕಣ್ಣಿಗೆ ಬೀಳದ ಹಾಗೆ.